ಆಸ್ಪತ್ರೆ ಕಸ ಸುಡುವಲ್ಲಿ ಬೆಂಕಿ ಬಿದ್ದರೆ ಯಾರನ್ನು ಕೇಳುವುದು?

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಹೊರವಲಯದಲ್ಲಿದೆ. ಹತ್ತಿರದಲ್ಲೇ ಆಸ್ಪತ್ರೆಗಳ ಕಸ ಸುಡುವ ಘಟಕ ಬರುತ್ತದೆಂಬ ಸುದ್ದಿ ಹಬ್ಬಿದೆ. ನಾಳೆ ಅಲ್ಲಿ ಬೆಂಕಿ ಬಿದ್ದರೆ, ಹೊಗೆಯಿಂದ ಮಕ್ಕಳಿಗೆ ತೊಂದರೆಯಾದರೆ ಹೊಣೆ ಯಾರು? ಯಾರನ್ನು ಕೇಳಿದರೂ ‘ಅದೆಲ್ಲ ಮಾಲಿನ್ಯ ಮಂಡಳಿ ನೋಡಿಕೊಳ್ಳುತ್ತದೆ’ ಅನ್ನುತ್ತಾರೆ. ಹೌದೇ?

ಉತ್ತರ: ಅರ್ಧ ಹೌದು. ಅನುಮತಿ ಕೊಡುವುದು, ಚಿಮಣಿಯಿಂದ ಏನು ಹೊರಬರುತ್ತದೆಂದು ನೋಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಮಂಗಳೂರಿನವರಿಗೆ ಅದರ ಪ್ರಾದೇಶಿಕ ಕಚೇರಿ ಬೈಕಂಪಾಡಿಯಲ್ಲಿದೆ. ಆದರೆ ಇಂಥ ಘಟಕದಲ್ಲಿ ಬೆಂಕಿಯ ಭಯ ಇರುವುದು ಚಿಮಣಿಯ ಕಡೆಯಿಂದಲ್ಲ. ಸುಡಲು ಸರದಿಯಲ್ಲಿ ಕಾದಿರುವ, ಆಸ್ಪತ್ರೆ ಕಸ ತುಂಬಿದ ಹಳದಿ ಚೀಲಗಳ ರಾಶಿಯ ಕಡೆಯಿಂದ. ಆ ರಾಶಿಯ ವಿಚಾರ ಬಂದಾಗ ಇಲಾಖೆಗಳು ಒಬ್ಬರ ಮುಖ ಒಬ್ಬರು ನೋಡುತ್ತವೆ.

ಮೊದಲು ಹೊಗೆಯ ವಿಷಯ ಹೇಳಿಬಿಡುತ್ತೇನೆ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು 2016ರ ಮಾರ್ಚ್‌ನಲ್ಲಿ ಬಂದವು. ಅದರಂತೆ ಕುಲುಮೆಗೆ ಎರಡು ಕೋಣೆ ಇರಬೇಕು. ಮೊದಲನೆಯದರಲ್ಲಿ ಕನಿಷ್ಠ 800 ಡಿಗ್ರಿ ಸೆಲ್ಸಿಯಸ್ ಶಾಖ, ಎರಡನೆಯದರಲ್ಲಿ 1,050 ಡಿಗ್ರಿಯ ಆಸುಪಾಸು. ಅಲ್ಲಿ ಅನಿಲ ಕನಿಷ್ಠ ಎರಡು ಸೆಕೆಂಡು ನಿಲ್ಲಬೇಕು. ಚಿಮಣಿ ನೆಲದಿಂದ 30 ಮೀಟರ್‌ಗೆ ಕಡಿಮೆ ಇರಕೂಡದು. ಇಷ್ಟೆಲ್ಲ ಹಟ ಯಾಕೆಂದರೆ ಡಯಾಕ್ಸಿನ್ ಎಂಬ ವಿಷ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಅರೆಬರೆ ಸುಟ್ಟಾಗ ಇದು ಹುಟ್ಟುತ್ತದೆ. ಚೆನ್ನಾಗಿ ಸುಟ್ಟರೂ, ಹೊಗೆ 450ರಿಂದ 200 ಡಿಗ್ರಿಯ ನಡುವೆ ನಿಧಾನಕ್ಕೆ ತಣಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗಾಗಿಯೇ ಪಿವಿಸಿಯಂಥ ಪ್ಲಾಸ್ಟಿಕ್ ಕುಲುಮೆಗೆ ಹಾಕಕೂಡದು, ಕ್ಲೋರಿನ್ ದ್ರಾವಣದಲ್ಲಿ ಅದ್ದಿದ ಕಸವನ್ನೂ ಹಾಕಕೂಡದು ಎಂಬ ನಿಯಮ. ಮಿತಿ ಎಷ್ಟು ಗೊತ್ತೇ? ಒಂದು ಘನ ಮೀಟರ್ ಹೊಗೆಯಲ್ಲಿ 0.1 ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದರ ಹತ್ತನೇ ಭಾಗ.

ಕಣ್ಣಿಗೆ ಕಾಣುವ ಕಪ್ಪು ಹೊಗೆ ಕೆಟ್ಟದ್ದೇ. ಆದರೆ ಹೊಗೆ ಕಾಣದಿದ್ದರೆ ಎಲ್ಲ ಸರಿ ಇದೆ ಎಂದುಕೊಳ್ಳಬೇಡಿ. ಡಯಾಕ್ಸಿನ್ ಮನುಷ್ಯರ ಮೈ ಸೇರುವುದು ಹೆಚ್ಚಾಗಿ ಮೂಗಿನಿಂದಲ್ಲ, ಬಾಯಿಂದ. ಶೇ 90ಕ್ಕಿಂತ ಹೆಚ್ಚು ಆಹಾರದ ಮೂಲಕವೇ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹುಲ್ಲಿನ ಮೇಲೆ ಕೂತು, ದನದ ಹೊಟ್ಟೆಗೆ ಹೋಗಿ, ಹಾಲಿನ ಕೊಬ್ಬಿನಲ್ಲಿ ಬರುತ್ತದೆ. ಮೀನು, ಮೊಟ್ಟೆಯಲ್ಲೂ ಬರುತ್ತದೆ. ಸುತ್ತ ಹಟ್ಟಿ, ಗದ್ದೆ ಇರುವ ಕಡೆ ಈ ಮಾತಿಗೆ ತೂಕ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊಗೆಯ ಕೆಲವು ಅಂಶಗಳನ್ನು ಅಳೆಯುವ ಯಂತ್ರ ದಿನವಿಡೀ ಮಂಡಳಿಯ ಸರ್ವರ್‌ಗೆ ಅಂಕಿ ಕಳಿಸುತ್ತಿರಬೇಕು, ನಿಜ. ಡಯಾಕ್ಸಿನ್ ಮಾತ್ರ ಆ ಯಂತ್ರಕ್ಕೆ ಸಿಕ್ಕುವುದಿಲ್ಲ; ಅದರ ಪರೀಕ್ಷೆ ವರ್ಷಕ್ಕೊಮ್ಮೆ. ಚಿಮಣಿಯ ಉಳಿದ ಪರೀಕ್ಷೆ ಮೂರು ತಿಂಗಳಿಗೊಮ್ಮೆ, ಅದೂ ಕುಲುಮೆ ಹದವಾದ ಸಾಮರ್ಥ್ಯದಲ್ಲಿ ಉರಿಯುತ್ತಿರುವಾಗ. ಪರೀಕ್ಷೆಯ ದಿನ ಯಾರ ಕುಲುಮೆ ತಾನೇ ಚೆನ್ನಾಗಿ ಉರಿಯದು? ನಮ್ಮೂರ ಆಷಾಢದ ಮಳೆಯಲ್ಲಿ ತೊಯ್ದ ಚೀಲಗಳು ಒಳಗೆ ಬಿದ್ದ ದಿನ, ಬಚ್ಚಲ ಒಲೆಗೆ ಒದ್ದೆ ಮಡಲು ತುರುಕಿದ ಹಾಗೆ ಶಾಖ ಕುಸಿಯುತ್ತದಲ್ಲ, ಆ ದಿನದ ಲೆಕ್ಕ ಸಿಗುವುದು ಎರಡನೇ ಕೋಣೆಯ ತಾಪಮಾನದ ದಾಖಲೆಯಲ್ಲಿ. ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ. ನನ್ನನ್ನು ಕೇಳಿದರೆ, ವರ್ಷಕ್ಕೊಂದು ಡಯಾಕ್ಸಿನ್ ವರದಿಗಿಂತ ಜೂನ್-ಜುಲೈ ತಿಂಗಳ ಈ ದಾಖಲೆಯೇ ಹೆಚ್ಚು ಸತ್ಯ ಹೇಳೀತು.

ಈಗ ಬೆಂಕಿ. ಬೆಂಕಿ ಅಂದರೆ ಮಂಗಳೂರಿನವರಿಗೆ ಪಚ್ಚನಾಡಿ ನೆನಪಾಗುತ್ತದೆ. 2019ರ ಆಗಸ್ಟ್‌ನಲ್ಲಿ ಅಲ್ಲಿನ ಕಸದ ಗುಡ್ಡ ಮಳೆಗೆ ಜಾರಿ ಪಕ್ಕದ ಮಂದಾರ ಎಂಬಲ್ಲಿನ ಮನೆ, ತೋಟಗಳನ್ನು ನುಂಗಿತು. 2023ರ ಜನವರಿಯಲ್ಲಿ ಅದೇ ಯಾರ್ಡ್‌ಗೆ ಬೆಂಕಿ ಬಿತ್ತು. ಅದು ಊರಿನ ಕಸದ ಡಂಪಿಂಗ್ ಯಾರ್ಡ್. ಅದಕ್ಕೆ ಬೇರೆ ನಿಯಮ, ಹೊಣೆ ಪಾಲಿಕೆಯದು. ಆಸ್ಪತ್ರೆ ಕಸದ ಘಟಕದಲ್ಲಿ ಅಷ್ಟು ದೊಡ್ಡ ರಾಶಿ ಇರುವುದಿಲ್ಲ, ಇರಲೂಬಾರದು: ಅಂಗಾಂಶ, ರಕ್ತ ಮೆತ್ತಿದ ಹತ್ತಿಯಂಥ ಕಸವನ್ನು 48 ಗಂಟೆ ಮೀರಿ ಇಡಕೂಡದು. ಆದರೆ ಕುಲುಮೆ ಕೆಟ್ಟು ದುರಸ್ತಿಗೆ ನಿಂತಿತೆನ್ನಿ. ಮಂಗಳೂರು, ದೇರಳಕಟ್ಟೆ, ಮಣಿಪಾಲದ ಆಸ್ಪತ್ರೆಗಳು ಕಸ ಹುಟ್ಟಿಸುವುದನ್ನು ನಿಲ್ಲಿಸುತ್ತವೆಯೇ? ವ್ಯಾನು ಬರುತ್ತಲೇ ಇರುತ್ತದೆ. ಚೀಲದ ಮೇಲೆ ಚೀಲ ಬೀಳುತ್ತದೆ. ಒಳಗೆ ಸ್ಪಿರಿಟ್ ಹತ್ತಿ, ಅರ್ಧ ಖಾಲಿಯಾದ ಸ್ಯಾನಿಟೈಸರ್ ಬಾಟಲಿ, ಯಾರೋ ತಪ್ಪಿ ಎಸೆದ ಬ್ಯಾಟರಿ. ಪಕ್ಕದಲ್ಲೇ ಕುಲುಮೆಯ ಡೀಸೆಲ್, ಸರಿಯಾಗಿ ಆರದ ಬಿಸಿ ಬೂದಿ.

ಈ ಶೆಡ್ಡಿನ ಮೇಲೆ ಕಣ್ಣಿಡಬೇಕಾದವರು ಒಬ್ಬರಲ್ಲ. ಕಾರ್ಮಿಕರ ಸುರಕ್ಷತೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯದು. ಬೆಂಕಿ ನಂದಿಸುವ ವ್ಯವಸ್ಥೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯದು; ಆದರೆ ನಮ್ಮಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮಾತು ಏಳುವುದು ಬಹುಮಹಡಿ ಫ್ಲ್ಯಾಟುಗಳ ವಿಷಯದಲ್ಲೇ ಹೆಚ್ಚು, ತಗಡು ಮಾಡಿನ ಶೆಡ್ಡಿನ ಬಗ್ಗೆ ಕೇಳುವವರು ಕಡಿಮೆ. ಇವರೆಲ್ಲರನ್ನೂ ಒಂದು ಮೇಜಿಗೆ ಕರೆಯಬಲ್ಲವರು ಜಿಲ್ಲಾಧಿಕಾರಿ. 2016ರ ನಿಯಮದಲ್ಲೇ ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿ ಇದೆ. ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಮಂಡಳಿ, ಸ್ಥಳೀಯ ಸಂಸ್ಥೆ, ವೈದ್ಯರ ಸಂಘವಾದ ಐಎಂಎ ಪ್ರತಿನಿಧಿಗಳಿರುತ್ತಾರೆ. ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಸಾರ್ವಜನಿಕರು ಈ ಸಮಿತಿಯ ಹೆಸರು ಕೇಳಿದ್ದೇ ಅಪರೂಪ. ಸದಸ್ಯರ ಪಟ್ಟಿಯಲ್ಲಿ ಅಗ್ನಿಶಾಮಕ ದಳ ಇಲ್ಲ. ಬೇರೆಯವರನ್ನು ಸೇರಿಸಿಕೊಳ್ಳಲು ಅವಕಾಶವಿದೆ. ಅಗ್ನಿಶಾಮಕ ದಳವನ್ನೂ ಸೇರಿಸಿ ಎಂಬುದೇ ನಿಮ್ಮ ಮೊದಲ ಮನವಿ ಆಗಲಿ ಎಂಬುದು ನನ್ನ ಸಲಹೆ.

ನೀರಿನ ವಿಚಾರ ಯಾರೂ ಎತ್ತುವುದಿಲ್ಲ. ಬೆಂಕಿಗೆ ಹೊಡೆದ ನೀರು ಬೂದಿ, ಔಷಧಿ, ಕರಗಿದ ಪ್ಲಾಸ್ಟಿಕ್ಕನ್ನೆಲ್ಲ ತೊಳೆದುಕೊಂಡು ಎಲ್ಲಿಗೆ ಹೋಗುತ್ತದೆ? ನಮ್ಮದು ಮುರಕಲ್ಲಿನ ನೆಲ, ನೀರು ಬೇಗ ಇಳಿಯುತ್ತದೆ, ಮನೆಮನೆಗೂ ಬಾವಿ. ಆ ನೀರನ್ನು ತಡೆದು ನಿಲ್ಲಿಸಲು ಕಟ್ಟೆ, ತೊಟ್ಟಿ ನಕ್ಷೆಯಲ್ಲಿವೆಯೇ ಎಂದು ಘಟಕ ಕಟ್ಟುವ ಮೊದಲೇ ಕೇಳಿ. 2015ರಿಂದ ಹಲವು ಆಸ್ಪತ್ರೆಗಳಿಗೆ ಸೇರಿ ಒಂದಾಗಿರುವ ಇಂಥ ಘಟಕಗಳಿಗೆ ಪರಿಸರ ಅನುಮತಿ ಕಡ್ಡಾಯ. ಅದರ ಷರತ್ತುಗಳ ಪ್ರತಿಯನ್ನು ಪಡೆದುಕೊಳ್ಳಿ.

ಘಟಕ ನಡೆಯತೊಡಗಿದ ಮೇಲೆ ಕೇಳಬೇಕಾದ ಇನ್ನೊಂದು ಕಾಗದ ನಮೂನೆ 1. ಬೆಂಕಿ, ಸ್ಫೋಟ ಸೇರಿದಂತೆ ದೊಡ್ಡ ಅಪಘಾತವಾದರೆ ತಕ್ಷಣ ಮಂಡಳಿಗೆ ತಿಳಿಸಿ, 24 ಗಂಟೆಯೊಳಗೆ ಈ ನಮೂನೆಯಲ್ಲಿ ಲಿಖಿತ ವರದಿ ಕೊಡಬೇಕು. ಏನೂ ಆಗದಿದ್ದರೂ ‘ಶೂನ್ಯ’ ಎಂದು ಬರೆದು ಕೊಡಬೇಕು. ಊರವರೆಲ್ಲ ಹೊಗೆ ನೋಡಿದ ವರ್ಷ ಕಡತದಲ್ಲಿ ಶೂನ್ಯ ಎಂದಿದ್ದರೆ, ಮುಂದಿನ ಮಾತು ಜಿಲ್ಲಾಧಿಕಾರಿಯ ಎದುರಿಗೇ ಆಗಲಿ. ಮಾಹಿತಿ ಹಕ್ಕಿನಲ್ಲಿ ಇವನ್ನೆಲ್ಲ ಕೇಳಬಹುದು, ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ಹೀಗಾಗಿ ತಾಪಮಾನದ ದಾಖಲೆಗೆ ಒಂದು, ಅಪಘಾತ ವರದಿಗೆ ಇನ್ನೊಂದು ಹಾಕಿ.

ಬೆಂಕಿ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಮಾತ್ರ ಯಾವ ಕಚೇರಿಯೂ ಬೇಡ, 112ಕ್ಕೆ ಫೋನ್ ಮಾಡಿ. ಫೋಟೋದಲ್ಲಿ ದಿನ, ಹೊತ್ತು ದಾಖಲಾಗಲಿ. ಕಸವನ್ನು ಸರಿಯಾಗಿ ನಿರ್ವಹಿಸದೆ ಜನರಿಗಾದ ಹಾನಿಗೆ ಘಟಕ ನಡೆಸುವವರೇ ಹೊಣೆ ಎಂದು ಅದೇ 2016ರ ನಿಯಮಗಳಲ್ಲಿ 18ನೆಯದು ಹೇಳುತ್ತದೆ. ಪರಿಹಾರ ಕೇಳಿ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗಲು ಐದು ವರ್ಷ ಕಾಲಾವಕಾಶವಿದೆ.