ಪಿಟಿಎಸ್‌ಡಿ ಟಿಪ್ಪಣಿ: ದೂರ ಸರಿದಷ್ಟೂ ಭಯ ಏಕೆ ಬೆಳೆಯುತ್ತದೆ?

ಚೌಕಟ್ಟನ್ನು ಮೊದಲು ಮುಗಿಸಿಬಿಡುತ್ತೇನೆ. ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಈ ಹೆಸರಿನಲ್ಲಿ ಮಾನಸಿಕ ಕಾಯಿಲೆಗಳ ರೋಗನಿರ್ಣಯ ಕೈಪಿಡಿ ಡಿಎಸ್‌ಎಂಗೆ ಸೇರಿದ್ದು 1980ರಲ್ಲಿ. 2013ರ ಐದನೇ ಆವೃತ್ತಿ ಲಕ್ಷಣಗಳನ್ನು ನಾಲ್ಕು ಗುಂಪು ಮಾಡಿದೆ: ಬೇಡವೆಂದರೂ ನುಗ್ಗಿ ಬರುವ ನೆನಪು ಮತ್ತು ಕೆಟ್ಟ ಕನಸು; ಘಟನೆಯನ್ನು ನೆನಪಿಸುವುದರಿಂದ ತಪ್ಪಿಸಿಕೊಳ್ಳುವುದು; ಮನಸ್ಸು ಮಂಕಾಗುವುದು, ‘ತಪ್ಪೆಲ್ಲ ನನ್ನದೇ’ ಎಂಬಂಥ ನಂಬಿಕೆ ಬೇರೂರುವುದು; ಸದಾ ಕಟ್ಟೆಚ್ಚರ, ಬೆಚ್ಚಿಬೀಳುವಿಕೆ, ಸಿಡುಕು, ನಿದ್ರಾಹೀನತೆ. ಇವು ಒಂದು ತಿಂಗಳು ದಾಟಿಯೂ ಉಳಿದು ಬದುಕನ್ನು ಕೆಡಿಸುತ್ತಿದ್ದರೆ ಮಾತ್ರ ಪಿಟಿಎಸ್‌ಡಿ. ಮೊದಲ ವಾರಗಳ ತಳಮಳ ಬಹುತೇಕರಲ್ಲಿ ತಾನಾಗಿಯೇ ಇಳಿಯುತ್ತದೆ.

ಇನ್ನು ನನಗೆ ಬಹಳ ತೊಡಕಾದ ಎರಡನೇ ಗುಂಪು, ಅಂದರೆ ತಪ್ಪಿಸಿಕೊಳ್ಳುವುದು. ನೋವು ಕೊಡುವುದರಿಂದ ದೂರವಿರುವುದು ಸಹಜವಲ್ಲವೇ? ಅದನ್ನು ಕಾಯಿಲೆಯ ಲಕ್ಷಣ ಎನ್ನುವುದೇಕೆ? ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ರಸ್ತೆ ಅಪಘಾತದಲ್ಲಿ ಬದುಕುಳಿದ ಒಬ್ಬರು ಆ ತಿರುವಿನ ಹತ್ತಿರ ಬರುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ, ಹಿಂದಿರುಗುತ್ತಾರೆ. ತಕ್ಷಣ ನೆಮ್ಮದಿ. ತೊಡಕು ಇರುವುದು ಈ ನೆಮ್ಮದಿಯಲ್ಲೇ. ಅದು ಬಹುಮಾನದಂತೆ ಕೆಲಸ ಮಾಡಿ, ಮುಂದಿನ ಬಾರಿ ಇನ್ನೂ ಬೇಗ ಹಿಂದಿರುಗುವುದನ್ನು ಕಲಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ‘ಹಿಂದಿರುಗಿದ್ದರಿಂದ ಉಳಿದುಕೊಂಡೆ’ ಎಂದೇ ಮನಸ್ಸು ಲೆಕ್ಕ ಹಾಕುತ್ತದೆ. ಅಲ್ಲಿ ನಿಂತಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಭಯದ ಊಹೆ ಪರೀಕ್ಷೆಗೆ ಒಳಗಾಗದೆ ಹಾಗೆಯೇ ಉಳಿಯುತ್ತದೆ. ತಿರುವಿನಿಂದ ಇಡೀ ರಸ್ತೆಗೆ, ರಸ್ತೆಯಿಂದ ಎಲ್ಲ ವಾಹನಗಳಿಗೆ ಹರಡುತ್ತದೆ.

ನೆನಪಿನ ವಿಷಯದಲ್ಲೂ ಇದೇ ಕಥೆ. ಅದನ್ನು ಒತ್ತಿ ಹಿಡಿದಷ್ಟೂ ಮತ್ತೆ ಮತ್ತೆ ಮೇಲೇಳುತ್ತದೆ. ತಪ್ಪಿಸಿಕೊಳ್ಳುವುದು ಯಾವಾಗಲೂ ಕಣ್ಣಿಗೆ ಕಾಣುವುದೂ ಇಲ್ಲ: ಬಿಡುವಿಲ್ಲದೆ ದುಡಿಯುವುದು, ಕುಡಿತ, ಬಾಗಿಲು ಕಾಣುವ ಜಾಗದಲ್ಲೇ ಕೂರುವುದು ಸಹ ಅದೇ ಆಗಿರಬಹುದು.

ತಪ್ಪಿಸಿಕೊಳ್ಳುವುದನ್ನು ಗುರುತಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ: ಈ ನೆಮ್ಮದಿಯಿಂದ ನಾಳೆಯ ಓಡಾಟ ಹಿಗ್ಗುತ್ತದೆಯೋ, ಕುಗ್ಗುತ್ತದೆಯೋ? ವಿಶ್ರಾಂತಿಯಾದರೆ ಹಿಗ್ಗುತ್ತದೆ, ತಪ್ಪಿಸಿಕೊಳ್ಳುವುದಾದರೆ ಕುಗ್ಗುತ್ತದೆ. ಆದರೆ ಅಪಾಯ ಇನ್ನೂ ನಿಜವಾಗಿಯೇ ಇದ್ದಾಗ ಈ ಪ್ರಶ್ನೆ ಸಲ್ಲದು. ಹಿಂಸೆ ಕೊಡುವವನಿಂದ ದೂರವಿರುವುದು ರೋಗಲಕ್ಷಣವಲ್ಲ, ಆತ್ಮರಕ್ಷಣೆ.

ಹಾಗಾದರೆ ಮನೆಯವರು ಕೈಹಿಡಿದು ಎಳೆದೊಯ್ದು ಭಯ ಬಿಡಿಸಬೇಕೇ? ಖಂಡಿತ ಕೂಡದು. ಆಘಾತದ ಗಳಿಗೆಯಲ್ಲಿ ಅದನ್ನು ಅನುಭವಿಸಿದವರ ಕೈಯಲ್ಲಿ ಏನೂ ಇರಲಿಲ್ಲ; ಬಲವಂತ ಮಾಡಿದರೆ ಅದೇ ಅಸಹಾಯಕತೆ ಮರಳುತ್ತದೆ. ಚಿಕಿತ್ಸೆಯಲ್ಲಿ ಭಯವನ್ನು ಎದುರಿಸುವಾಗ ಹೆಜ್ಜೆಯನ್ನು ಆ ವ್ಯಕ್ತಿಯೇ ಒಪ್ಪಿರುತ್ತಾರೆ, ಅದು ಸಣ್ಣದರಿಂದ ಶುರುವಾಗುತ್ತದೆ, ನಿಲ್ಲಿಸುವ ಹಕ್ಕು ಅವರದೇ. ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿಯನ್ನು ಇಂದಿನ ಮಾರ್ಗಸೂಚಿಗಳು ಶಿಫಾರಸು ಮಾಡುವುದಿಲ್ಲ. ಆಪ್ತರು ವಿವರ ಕೆದಕದೆಯೂ ನೆರವಾಗಬಹುದು: ‘ಈಗ ಏನು ಮಾಡಿದರೆ ನಿಮಗೆ ಅನುಕೂಲ?’ ಎಂದು ಕೇಳುವುದು, ಹೇಳಿದಷ್ಟನ್ನು ಕೇಳಿಸಿಕೊಳ್ಳುವುದು, ಆಸ್ಪತ್ರೆಗೆ ಜೊತೆಯಾಗುವುದು. ಇಂಥ ಆಸರೆ ಇಲ್ಲದವರಲ್ಲಿ ಪಿಟಿಎಸ್‌ಡಿಯ ಸಾಧ್ಯತೆ ಹೆಚ್ಚು ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಫ್ಲ್ಯಾಶ್‌ಬ್ಯಾಕ್ ಬಂದಾಗ ಘಟನೆ ಈಗಲೇ ನಡೆಯುತ್ತಿರುವಂತೆ ಅನಿಸುತ್ತದೆ. ಕೇಳದೆ ಮುಟ್ಟಬೇಡಿ. ಮೆಲುದನಿಯಲ್ಲಿ ಅವರ ಹೆಸರು, ಇಂದಿನ ದಿನ, ಇರುವ ಜಾಗ ಹೇಳಿ. ಪಾದವನ್ನು ನೆಲಕ್ಕೆ ಒತ್ತಲು, ಕಾಣುತ್ತಿರುವ ವಸ್ತುಗಳನ್ನು ಹೆಸರಿಸಲು ಹೇಳಿ.

ಚಿಕಿತ್ಸೆಗಳು ಚುಟುಕಾಗಿ: ಭಯವನ್ನು ಹಂತಹಂತವಾಗಿ ಎದುರಿಸುವ ದೀರ್ಘ ಒಡ್ಡಿಕೆ ಚಿಕಿತ್ಸೆ, ‘ತಪ್ಪು ನನ್ನದೇ’ ಎಂಬ ನಂಬಿಕೆಯನ್ನು ಒರೆಗೆ ಹಚ್ಚುವ ಸಿಪಿಟಿ ಎಂಬ ಮಾತಿನ ಚಿಕಿತ್ಸೆ (ಸಾಮಾನ್ಯವಾಗಿ 12 ಭೇಟಿ), ಮತ್ತು ಘಟನೆಯನ್ನು ನೆನೆಯುತ್ತಲೇ ಕಣ್ಣನ್ನು ಅತ್ತಿತ್ತ ಆಡಿಸುವ, ಫ್ರಾನ್ಸಿನ್ ಶಪೀರೊ ರೂಪಿಸಿದ ಇಎಂಡಿಆರ್. ಔಷಧಗಳಲ್ಲಿ ಸರ್ಟ್ರಲಿನ್, ಪ್ಯಾರಾಕ್ಸೆಟಿನ್ ಹೆಚ್ಚು ಬಳಕೆಯಲ್ಲಿವೆ. ಇವುಗಳನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಭೇಟಿಗೆ ಕಾಯಬಾರದು, ಅಂದೇ ತುರ್ತು ನೆರವು ಪಡೆಯಬೇಕು.

ಚಿಕಿತ್ಸಕರನ್ನು ಹುಡುಕುವಾಗ ‘ಆಘಾತ ಕೇಂದ್ರಿತ ಚಿಕಿತ್ಸೆಯಲ್ಲಿ ನಿಮಗೆ ತರಬೇತಿ ಇದೆಯೇ?’ ಎಂದು ನೇರವಾಗಿ ಕೇಳಬಹುದು. ಮೊದಲ ಭೇಟಿಯಲ್ಲೇ ನಡೆದದ್ದನ್ನೆಲ್ಲ ಹೇಳಬೇಕಾಗಿಲ್ಲ. ನಿದ್ದೆ ಹೇಗಿದೆ, ಯಾವುದಕ್ಕೆ ಬೆಚ್ಚುತ್ತೇನೆ, ಎಲ್ಲೆಲ್ಲಿಗೆ ಹೋಗುವುದನ್ನು ಬಿಟ್ಟಿದ್ದೇನೆ ಎಂದು ಹೇಳಿದರೆ ಆರಂಭಕ್ಕೆ ಸಾಕು.