ಆಂಪ್ ಗುಂಯ್ ಅಂದರೆ ಜಿ ಸ್ವರ ನುಡಿಸಿ ನೋಡಿ

ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಜೋರು ಮಾಡುವ ಪೆಟ್ಟಿಗೆ, ಅಂದರೆ ಆಂಪ್, ಕೆಟ್ಟಿದೆ ಅನ್ನುವವರನ್ನು ಮೊದಲು ಕೇಳಬೇಕಾದ್ದು, ಅದು ಹೇಗೆ ಸದ್ದು ಮಾಡುತ್ತಿದೆ ಎಂದು. ಗುಂಯ್ ಅನ್ನುತ್ತದೆಯೋ, ಸುಸ್ ಅನ್ನುತ್ತದೆಯೋ, ನಾಬ್ ತಿರುಗಿಸಿದಾಗ ಮಾತ್ರ ಕರಕರ ಅನ್ನುತ್ತದೆಯೋ? ಮೂರಕ್ಕೂ ಮೂಲ ಬೇರೆ, ಮದ್ದು ಬೇರೆ, ಖರ್ಚೂ ಬೇರೆ. ಹೊಸದು ತರಲು ಹಾಸನದಿಂದ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಹತ್ತು ನಿಮಿಷ ಅದರೆದುರು ಸುಮ್ಮನೆ ಕೂತು ಕೇಳಿದರೆ, ಬಹಳ ಸಲ ಬಸ್ ಚಾರ್ಜಿನೊಳಗೇ ಕೆಲಸ ಮುಗಿಯುತ್ತದೆ.

ಸ್ಕ್ರೂಡ್ರೈವರ್ ಇನ್ನೂ ಬೇಡ. ಗಿಟಾರ್ ಕೇಬಲ್ಲನ್ನು ಆಂಪ್‌ನಿಂದ ಎಳೆದುಬಿಡಿ. ಸದ್ದು ನಿಂತಿತೇ? ಹಾಗಾದರೆ ತಪ್ಪು ಕೇಬಲ್ಲಿನದು ಅಥವಾ ಗಿಟಾರಿನದು. ನಿಲ್ಲಲಿಲ್ಲವೆಂದರೆ ವಾಲ್ಯೂಮ್ ಸೊನ್ನೆಗೆ ತನ್ನಿ. ಅದರ ಜೊತೆಗೇ ಸದ್ದು ಇಳಿದರೆ ದೋಷ ವಾಲ್ಯೂಮ್ ನಾಬಿಗೆ ಮುಂಚಿನ ಭಾಗದಲ್ಲಿ, ಅಂದರೆ ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಪ್ರೀ-ಆಂಪ್‌ನಲ್ಲಿದೆ. ಸೊನ್ನೆಯಲ್ಲೂ ಅಷ್ಟೇ ಜೋರಾಗಿದ್ದರೆ ಪವರ್ ಸಪ್ಲೈಯನ್ನು ಅನುಮಾನಿಸಿ. ಕೇಬಲ್ ಹಾಕಿದಾಗ ಮಾತ್ರ ಗುಂಯ್‌ಗುಡುವುದಾದರೆ ಗಿಟಾರ್ ಹಿಡಿದುಕೊಂಡು ಕೂತಲ್ಲೇ ನಿಧಾನವಾಗಿ ಸುತ್ತಿ. ಒಂದು ದಿಕ್ಕಿನಲ್ಲಿ ಸದ್ದು ಕುಗ್ಗಿದರೆ ಏನೂ ಕೆಟ್ಟಿಲ್ಲ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಆಂಟೆನಾದಂತೆ ಮನೆಯ ವೈರಿಂಗ್, ಅಡಾಪ್ಟರ್‌ಗಳ ಕಾಂತಕ್ಷೇತ್ರವನ್ನು ಹೀರುತ್ತಿದೆ, ಅಷ್ಟೇ. ಇದೇ ಕಾಟ ತಪ್ಪಿಸಲು 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಕಾಯಿಲ್‌ಗಳನ್ನು ವಿರುದ್ಧವಾಗಿ ಜೋಡಿಸಿ ಹಂಬಕರ್ ಪಿಕಪ್ ಮಾಡಿದ್ದು.

ಇನ್ನು ಗುಂಯ್ ಸದ್ದಿನ ಸ್ವರ. ನಮ್ಮ ಕರೆಂಟಿನ ಆವರ್ತನ 50 ಹರ್ಟ್ಸ್. ಆಂಪ್ ಒಳಗೆ ಡಯೋಡ್‌ಗಳು ಅಲೆಯ ಕೆಳಭಾಗವನ್ನೂ ಮೇಲಕ್ಕೆ ಮಡಚುವುದರಿಂದ ಅಲ್ಲಿಂದ ಮುಂದೆ ಅದು 100 ಹರ್ಟ್ಸ್. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್‌ನಲ್ಲಿರುವ ಜಿ ಸ್ವರ 98 ಹರ್ಟ್ಸ್. ಕೇಬಲ್ ಹಾಕದೆ ಆ ಸ್ವರ ಮೀಟಿದರೆ ಎರಡೂ ಸದ್ದು ಸೇರಿ ಸೆಕೆಂಡಿಗೆ ಎರಡು ಸಲ ವಂವ್-ವಂವ್ ಎಂದು ತೂಗುವುದು ಕೇಳುತ್ತದೆ. ತಂತಿಯನ್ನು ಕೊಂಚ ಬಾಗಿಸಿದರೆ ತೂಗಾಟ ನಿಧಾನವಾಗಿ ನಿಲ್ಲುತ್ತದೆ. ಫೋನಿನ ಟ್ಯೂನರ್ ಆಪ್ ಆಂಪ್‌ನ ಗುಂಯ್ ಸದ್ದಿಗೆ ಜಿ, 35 ಸೆಂಟ್ ಮೇಲೆ ಎಂದು ತೋರಿಸಬೇಕು (ಒಂದು ಫ್ರೆಟ್ ಅಂತರದ ನೂರರಲ್ಲೊಂದು ಪಾಲು ಒಂದು ಸೆಂಟ್). ಹರ್ಟ್ಸ್ ತೋರಿಸುವ ಆಪ್‌ನಲ್ಲಿ 100 ಬಂದರೆ ವೋಲ್ಟೇಜಿನ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಕಡೆಗೂ, 50 ಬಂದರೆ ಕೇಬಲ್, ಅರ್ಥಿಂಗ್ ಕಡೆಗೂ ಬೆರಳು ತೋರಿಸಬಹುದು. ಆದರೆ ಆರೂವರೆ ಇಂಚಿನ ಸ್ಪೀಕರ್ 50 ಹರ್ಟ್ಸ್ ಅನ್ನು ಸರಿಯಾಗಿ ನುಡಿಯುವುದೇ ಇಲ್ಲ. ಹಾಗಾಗಿ ಇದು ಸುಳಿವು ಮಾತ್ರ. ತೀರ್ಪು ಕೊಡುವುದು ವಾಲ್ಯೂಮ್ ಪರೀಕ್ಷೆಯೇ.

ಅರ್ಥಿಂಗ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಶನ್‌ಗೆ ಹೇಗೋ ತುರುಕುವುದು, ಅರ್ಥಿಂಗ್‌ನ ದೊಡ್ಡ ಪಿನ್ ಮುರಿದು 'ಸದ್ದು ಹೋಯ್ತು' ಅನ್ನುವುದು ಎಲ್ಲ ಊರಲ್ಲೂ ಇದೆ. ಆಂಪ್ ಒಳಗೆ ಲೀಕೇಜ್ ಆದ ದಿನ ಆ ಕರೆಂಟಿಗೆ ದಾರಿ ಗಿಟಾರಿನ ತಂತಿ ಮತ್ತು ನಿಮ್ಮ ಬೆರಳು. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಸಹಜ. ಜುಮ್ ಎಂದರೆ ಅಲ್ಲಿಗೇ ಪ್ಲಗ್ ಎಳೆಯಿರಿ. ಎಲೆಕ್ಟ್ರಿಷಿಯನ್ ಕೈಲಿ ಸಾಕೆಟ್ ಅಳೆಸಿ: ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್–ಅರ್ಥ್ ನಡುವೆಯೂ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬೇಕು. ಸಕಲೇಶಪುರದ ಒದ್ದೆ ನೆಲದಲ್ಲಿ ಚೆನ್ನಾಗಿರುವ ಅರ್ಥ್, ಅರಸೀಕೆರೆಯ ಬೇಸಿಗೆಯಲ್ಲಿ ಒಣಗಿ ಕೈಕೊಡಬಹುದು. ಉಪ್ಪು-ಇದ್ದಿಲು ತುಂಬಿದ ಗುಂಡಿಗೆ ಆಗಾಗ ನೀರು ಹೊಯ್ಯಿರಿ. ಕರೆಂಟು ಹೋದಾಗ ಮಾತ್ರ ಜರ್ ಎನ್ನುವ ಆಂಪ್‌ಗೆ ಯಾವ ರಿಪೇರಿಯೂ ಬೇಡ. ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಗುಣ.

ಈಗ ಮುಚ್ಚಳ ತೆಗೆಯೋಣ. ಪ್ಲಗ್ ಎಳೆದು ಐದು ನಿಮಿಷ ಬಿಡಿ, ಫಿಲ್ಟರ್ ಕೆಪಾಸಿಟರ್‌ನ ಎರಡೂ ಕಾಲುಗಳ ನಡುವೆ 100 ಓಮ್, 5 ವಾಟ್ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೇ ಕೈ ಹಾಕಿ. ಗಾಜಿನ ಬಲ್ಬಿನಂಥ ವಾಲ್ವ್‌ಗಳಿರುವ ಆಂಪ್ ಆದರೆ ತೆರೆಯಲೇಬೇಡಿ, ಅದರೊಳಗೆ 300 ವೋಲ್ಟ್ ದಾಟಿರುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕ ಡಬ್ಬಿಯಂತೆ ನಿಂತ ದಪ್ಪ ಕೆಪಾಸಿಟರ್ ನೋಡಿ. ತಲೆ ಮಟ್ಟಸವಾಗಿರಬೇಕು, ಪೂರಿಯಂತೆ ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಕಂಡರೆ ಕಳ್ಳ ಸಿಕ್ಕಿದ ಹಾಗೆ. ಆಂಪ್ 1 ಆಂಪಿಯರ್ ಎಳೆಯುವಾಗ 2200 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ವೋಲ್ಟೇಜ್ ಸೆಕೆಂಡಿಗೆ 100 ಸಲ ಸುಮಾರು 4 ವೋಲ್ಟ್ ಏರಿಳಿಯುತ್ತದೆ. ಒಳಗಿನ ದ್ರವ ಒಣಗಿ ಸಾಮರ್ಥ್ಯ ಅರ್ಧವಾದರೆ ಏರಿಳಿತ ದುಪ್ಪಟ್ಟು. ಅದೇ ಗುಂಯ್. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿ ಶಾಖ ತಾಳುವುದನ್ನೇ ಕೇಳಿ. ಪಟ್ಟಿ ಇರುವ ಕಡೆ ಮೈನಸ್. ಉಲ್ಟಾ ಹಾಕಿದರೆ ಸಿಡಿಯುತ್ತದೆ.

ಕರಕರ ಸದ್ದು ಮಲೆನಾಡಿನ ಮಳೆಗಾಲದ ಕೊಡುಗೆ. ಮೂರು ತಿಂಗಳ ಥಂಡಿಗೆ ನಾಬ್ ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಧೂಳು, ತೇವ ಸೇರಿ ಕೂರುತ್ತದೆ. ಜಾಕ್‌ನ ಎಲೆ ಕಪ್ಪಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಅನ್ನು ಪಾಟ್‌ನ (ನಾಬ್ ತಿರುಗಿಸುವ ಹಿಂದಿನ ಬಿಡಿಭಾಗದ) ಕಾಲುಗಳ ಬಳಿಯ ಸಂದಿಗೆ ಎರಡು ಸಲ ಚಿಮುಕಿಸಿ, ಆ ತುದಿಯಿಂದ ಈ ತುದಿಗೆ ಮೂವತ್ತು ಸಲ ತಿರುಗಿಸಿ, ಅರ್ಧ ಗಂಟೆ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆ ಹೊಡೆದರೆ ಒಂದು ವಾರ ಚೆನ್ನಾಗಿದ್ದು, ಆಮೇಲೆ ಅದೇ ಎಣ್ಣೆ ಧೂಳು ಹಿಡಿಯುತ್ತದೆ. ತೊಳೆದ ಮೇಲೂ ಉದ್ದಕ್ಕೂ ಕರಕರ ಅಂದರೆ ಪಾಟ್‌ಗೆ ಡಿಸಿ (ಒಂದೇ ದಿಕ್ಕಿನ ಕರೆಂಟು) ಸೋರುತ್ತಿರಬಹುದು: ಅದರ ಹಿಂದಿನ ಚಿಕ್ಕ ಕೆಪಾಸಿಟರ್ ಬದಲಿಸಿ. ಪಾಟ್ ಕೊಳ್ಳುವಾಗ ಮೇಲಿನ ಅಕ್ಷರ ಓದಿಕೊಳ್ಳಿ. ವಾಲ್ಯೂಮ್‌ಗೆ ಬೇಕಾದ್ದು ಸಾಮಾನ್ಯವಾಗಿ ಎ, ಅಂದರೆ ಸದ್ದು ಕಿವಿಗೆ ಸಮವಾಗಿ ಏರುವಂಥದ್ದು. ಅಂಗಡಿಯವರು ಬಿ ಕೊಟ್ಟರೆ ಸದ್ದು ಮೊದಲ ಕಾಲು ಸುತ್ತಿನಲ್ಲೇ ಜಿಗಿದುಬಿಡುತ್ತದೆ. ಕೇಬಲ್ ಅಲ್ಲಾಡಿಸಿದಾಗ ಬಂದುಹೋಗುವ ಸದ್ದಾದರೆ ಜಾಕ್ ಬೋರ್ಡಿಗೆ ಕೂರುವ ಜಾಗದಲ್ಲಿ ಸೋಲ್ಡರ್ ಸುತ್ತ ಕೂದಲಿನಷ್ಟು ತೆಳು ಬಿರುಕನ್ನು ಹುಡುಕಿ. 25 ವಾಟ್ ಐರನ್‌ನಿಂದ ಮತ್ತೆ ಕಾಯಿಸಿ, ತುಸು ಹೊಸ ಸೋಲ್ಡರ್ ಕೊಟ್ಟರೆ ಸಾಕು.

ಸುಸ್ ಅನ್ನುವುದು ಪೂರ್ತಿ ಹೋಗದು. ರೆಸಿಸ್ಟರ್‌ನೊಳಗಿನ ಎಲೆಕ್ಟ್ರಾನ್‌ಗಳ ಶಾಖದ ಕುಣಿತವೇ ಈ ಸದ್ದು ಎಂದು ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲೇ ತೋರಿಸಿದ್ದಾರೆ. ಗೇನ್ (ಪ್ರೀ-ಆಂಪ್ ಎಷ್ಟು ಹಿಗ್ಗಿಸಬೇಕೆಂಬ ನಾಬ್) ಇಳಿಸಿ ವಾಲ್ಯೂಮ್ ಏರಿಸುವುದೇ ಬಿಟ್ಟಿ ಮದ್ದು.

ಟ್ರಾನ್ಸ್‌ಫಾರ್ಮರ್ ಸುಟ್ಟು ಸ್ಪೀಕರ್ ಕೂಡ ಹೋಗಿದ್ದರೆ ದುಡ್ಡು ಸುರಿಯಬೇಡಿ. ಒಂದೇ ಹೋಗಿದ್ದರೆ ನೋಡಬಹುದು: 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6ರಿಂದ 7 ತೋರಿಸಬೇಕು, ಒಂದೂವರೆ ವೋಲ್ಟ್ ಸೆಲ್ ಮುಟ್ಟಿಸಿದರೆ ಟಕ್ ಎಂದು ಕೋನ್ ಜಿಗಿಯಬೇಕು. ಮನೆಯ ಹೋಮ್ ಥಿಯೇಟರ್‌ಗೇ ಗಿಟಾರ್ ಚುಚ್ಚೋಣ ಅನ್ನುವವರಿಗೆ ಒಂದು ಮಾತು. ಪಿಕಪ್ ಬಯಸುವ ಇನ್‌ಪುಟ್ ಸುಮಾರು 1 ಮೆಗಾಓಮ್, ಹೋಮ್ ಥಿಯೇಟರ್‌ನ ಆಕ್ಸ್ ಸಾಕೆಟ್ ಕೊಡುವುದು ಹತ್ತಾರು ಕಿಲೋಓಮ್; ಕಂಬಳಿ ಹೊದಿಸಿದಂತೆ ಮಂಕು ಸದ್ದು ಬರುತ್ತದೆ. ನಡುವೆ ಒಂದು ಸಣ್ಣ ಮಲ್ಟಿ-ಎಫೆಕ್ಟ್ ಪೆಡಲ್ ಇಟ್ಟರೆ ಸರಿಹೋಗುತ್ತದೆ, ಹೊಸ ಆಂಪ್ ಖರ್ಚೂ ಉಳಿಯಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೇಲಿನ ಪರೀಕ್ಷೆಗಳನ್ನೆಲ್ಲ ಮಾರುವವರ ಮನೆಯಲ್ಲೇ ಮಾಡಿ, ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು ಇನ್ನೊಮ್ಮೆ ಕೇಳಿ. ತೋಟದ ಮನೆಯಿಂದ ಬಂದ ಆಂಪ್ ಆದರೆ ಹಿಂಬದಿಗೆ ಟಾರ್ಚ್ ಬಿಟ್ಟು, ಸ್ಪೀಕರ್ ಹಿಂದೆ ಕಡಜ ಮಣ್ಣಿನ ಗೂಡು ಕಟ್ಟಿದೆಯೇ ಎಂದೂ ಬಗ್ಗಿ ನೋಡಿ.