ಪುರಾವೆ ಜೇಬಿನಲ್ಲಿಟ್ಟುಕೊಂಡವಳು

'ದಿ ಎಕ್ಸ್-ಫೈಲ್ಸ್' ಧಾರಾವಾಹಿಯ ಮೊದಲ ಕಂತು ಪ್ರಸಾರವಾದದ್ದು 1993ರ ಸೆಪ್ಟೆಂಬರ್ 10ರಂದು, ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ. ಕಂತು ಮುಗಿಯುವ ಹೊತ್ತಿಗೆ, ವಿಚಿತ್ರ ಪ್ರಕರಣವೊಂದರ ತನಿಖೆಗೆ ಹೋದ ಎಫ್‌ಬಿಐ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ) ಏಜೆಂಟರು ತಂಗಿದ್ದ ಮೋಟೆಲ್‌ಗೆ ಬೆಂಕಿ ಬಿದ್ದು, ಕಲೆಹಾಕಿದ್ದ ಎಕ್ಸ್-ರೇ, ಫೋಟೊ ಎಲ್ಲ ಸುಟ್ಟುಹೋಗಿರುತ್ತವೆ. ನಿನ್ನ ವರದಿಗೆ ಆಧಾರ ಎಲ್ಲಿ ಎಂದು ಮೇಲಧಿಕಾರಿಗಳು ಕೇಳುತ್ತಾರೆ. ಆಗ ಆ ಏಜೆಂಟರಲ್ಲಿ ಒಬ್ಬಳಾದ ಡೇನಾ ಸ್ಕಲ್ಲಿ ಒಂದು ಪುಟ್ಟ ಲೋಹದ ಚೂರನ್ನು ಅವರ ಮುಂದಿಡುತ್ತಾಳೆ. ಶವಪರೀಕ್ಷೆ ಮಾಡುವಾಗ ಹೆಣದ ಮೂಗಿನೊಳಗಿಂದ ತಾನೇ ತೆಗೆದದ್ದು. ಜೇಬಿನಲ್ಲಿ ಇಟ್ಟುಕೊಂಡಿದ್ದರಿಂದ ಉಳಿಯಿತು. ಕೊನೆಯ ದೃಶ್ಯದಲ್ಲಿ, ಸದಾ ಸಿಗರೇಟು ಸೇದುವ ಒಬ್ಬ ಅದನ್ನು ಪೆಂಟಗನ್ನಿನ ಉಗ್ರಾಣದಲ್ಲಿ, ಅಂಥವೇ ಚೂರುಗಳ ಪಕ್ಕದಲ್ಲಿಟ್ಟು ಬಾಗಿಲು ಎಳೆದುಕೊಳ್ಳುತ್ತಾನೆ.

ಮುಂದೆ ವರ್ಷಗಟ್ಟಲೆ ನಡೆದ ಕತೆಯ ಬೀಜ ಇಲ್ಲೇ ಇದೆ. ಸ್ಕಲ್ಲಿ ಯಾಕೆ ಅಷ್ಟು ಜನರ ಮನಸ್ಸಿನಲ್ಲಿ ಕೂತಳು ಎಂಬುದಕ್ಕೂ ಇಲ್ಲೇ ಸುಳಿವಿದೆ.

ವಾಟರ್‌ಗೇಟ್ ಹಗರಣದ ಕಾಲದಲ್ಲಿ ಸರ್ಕಾರದ ಮೇಲಿನ ಅಪನಂಬಿಕೆಯಿಂದ ಅಮೆರಿಕದಲ್ಲಿ ಸಂಚಿನ ಸಿನಿಮಾಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಸತ್ಯದ ಬೆನ್ನು ಹತ್ತುವವನು ಸಾಮಾನ್ಯವಾಗಿ ಗಂಡಸು. ಹೆಣ್ಣು ಅವನನ್ನು ಬಚ್ಚಿಡುತ್ತಿದ್ದಳು, ಪ್ರೀತಿಸುತ್ತಿದ್ದಳು, ಇಲ್ಲವೇ ಸಾಯುತ್ತಿದ್ದಳು. ನಿಜ ಜೀವನವೂ ತೀರಾ ಬೇರೆಯಾಗಿರಲಿಲ್ಲ. ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಬದುಕಿರುವ ತನಕ ಆ ಸಂಸ್ಥೆ ದಶಕಗಟ್ಟಲೆ ಮಹಿಳೆಯರನ್ನು ಏಜೆಂಟ್ ಹುದ್ದೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಅವರು ತೀರಿಕೊಂಡ 1972ರಲ್ಲೇ ಇಬ್ಬರು ತರಬೇತಿಗೆ ಸೇರಿದರು. ಒಬ್ಬರು ಹಿಂದೆ ಸನ್ಯಾಸಿನಿಯಾಗಿದ್ದವರು, ಇನ್ನೊಬ್ಬರು ಮರೀನ್ ಪಡೆಯಲ್ಲಿದ್ದವರು. ಸ್ಕಲ್ಲಿ ತೆರೆಗೆ ಬರುವಾಗ ಆ ಬಾಗಿಲು ತೆರೆದು 21 ವರ್ಷವಷ್ಟೇ ಆಗಿತ್ತು.

ಧಾರಾವಾಹಿಯ ಕರ್ತೃ ಕ್ರಿಸ್ ಕಾರ್ಟರ್ ಮಾಡಿದ ಜಾಣತನವೆಂದರೆ ರೂಢಿಯನ್ನು ತಿರುವುಮುರುವು ಮಾಡಿದ್ದು. ಅನ್ಯಗ್ರಹದವರು ಬಂದಿದ್ದಾರೆಂದು ಮನಸಾರೆ ನಂಬುವವನು ಸ್ಕಲ್ಲಿಯ ಜೊತೆಗಾರ ಏಜೆಂಟ್ ಮಲ್ಡರ್. ವೈದ್ಯೆಯಾದ ಸ್ಕಲ್ಲಿ ಪ್ರಮಾಣ ಕೇಳುವವಳು. ಆ ಪಾತ್ರಕ್ಕೆ ವಾಹಿನಿಯವರ ಮನಸ್ಸಿನಲ್ಲಿದ್ದದ್ದು ಮಾದಕ ಚೆಲುವೆ. ಹೆಚ್ಚು ಹೆಸರಿಲ್ಲದ, 24 ವರ್ಷದ ಗಿಲಿಯನ್ ಆಂಡರ್ಸನ್ ಅವರೇ ಬೇಕೆಂದು ಕಾರ್ಟರ್ ಪಟ್ಟು ಹಿಡಿದರು.

ಸ್ಕಲ್ಲಿಯನ್ನು 'ಗಟ್ಟಿಗಿತ್ತಿ' ಎನ್ನುವಾಗ ಹಲವರ ಕಣ್ಮುಂದೆ ಬರುವುದು ಪಿಸ್ತೂಲು. ನನ್ನನ್ನು ಹಿಡಿದಿಟ್ಟದ್ದು ಶವಾಗಾರದ ದೃಶ್ಯಗಳು. ಕೈಗವಸು ತೊಟ್ಟು, ಪಕ್ಕದಲ್ಲಿ ಓಡುವ ಟೇಪ್ ರೆಕಾರ್ಡರ್‌ಗೆ ಒಂದೊಂದೇ ಅಂಗದ ತೂಕ, ಬಣ್ಣ ಹೇಳುತ್ತಾ ಹೋಗುವ ಆ ತಣ್ಣನೆಯ ದನಿ. ಸಂಚಿನ ಕತೆಯಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಕಡತಗಳು ಮಾಯವಾಗುತ್ತವೆ. ಅಂಥಲ್ಲಿ ಕಂಡದ್ದನ್ನು ಕಂಡಷ್ಟೇ ಹೇಳುವ ಒಬ್ಬಳು ಸಿಕ್ಕರೆ ನೋಡುಗನಿಗೆ ಕಾಲೂರಲು ನೆಲ ಸಿಕ್ಕಂತೆ. ಕತೆ ಬಹುತೇಕ ಮಲ್ಡರ್ ಹೇಳಿದ್ದೇ ಸರಿ ಎಂದು ತೋರಿಸುತ್ತಿತ್ತು, ನಿಜ. ಆದರೂ ಅವಳು ಮುಂದಿನ ವಾರ ಮತ್ತೆ ಮೊದಲಿನಿಂದ ಪ್ರಶ್ನೆ ಕೇಳುತ್ತಿದ್ದಳು. ಆ ಹಟ ನನಗೆ ಈಗಲೂ ಇಷ್ಟ.

ಕತೆಗಾರರು ಅವಳನ್ನು ನಡೆಸಿಕೊಂಡ ರೀತಿ ಮಾತ್ರ ನೋವು ತರುತ್ತದೆ. ಆಂಡರ್ಸನ್ ಗರ್ಭಿಣಿಯಾದಾಗ, 1994ರಲ್ಲಿ, ಅವರ ಗೈರುಹಾಜರಿಯನ್ನು ತುಂಬಲು ಸ್ಕಲ್ಲಿಯ ಅಪಹರಣವನ್ನು ಹೆಣೆದರು. ಅನಿವಾರ್ಯತೆಯಿಂದ ಹುಟ್ಟಿದ ಆ ತಿರುವೇ ಕತೆಯ ಬೆನ್ನೆಲುಬಾಯಿತು. ಆಮೇಲೆ ಅವಳಿಗೆ ಕ್ಯಾನ್ಸರ್, ಬಂಜೆತನ, ಕಸಿದುಹೋದ ಮಕ್ಕಳು. ಪುರಾವೆ ಹುಡುಕುವವಳ ಮೈಯನ್ನೇ ಪುರಾವೆಯಾಗಿಸಿದರು. ಕ್ಯಾನ್ಸರ್‌ನ ಕಂತುಗಳನ್ನು ಆಂಡರ್ಸನ್ ಎಷ್ಟು ಘನತೆಯಿಂದ ನಟಿಸಿದರೆಂದರೆ 1997ರಲ್ಲಿ ಎಮ್ಮಿ ಪ್ರಶಸ್ತಿ ಅವರದಾಯಿತು. ಹಾಗೆಂದು ಹೆಣ್ಣಿನ ಸಂಕಟವನ್ನು ಮತ್ತೆ ಮತ್ತೆ ಇಂಧನವಾಗಿ ಬಳಸಿದ್ದನ್ನು ಒಪ್ಪಲಾಗದು.

ಕ್ಯಾಮೆರಾದ ಹಿಂದಿನ ಲೆಕ್ಕವೂ ಹಾಗೆಯೇ ಇತ್ತು. ಮಲ್ಡರ್ ಪಾತ್ರಧಾರಿ, ಎತ್ತರದ ಡೇವಿಡ್ ಡುಕೋವ್ನಿ ಜೊತೆ ಒಂದೇ ಚೌಕಟ್ಟಿನಲ್ಲಿ ಮುಖ ಕಾಣಲೆಂದು ಗಿಡ್ಡನೆಯ ಆಂಡರ್ಸನ್ ಅವರನ್ನು ಮರದ ಹಲಗೆಯ ಮೇಲೆ ನಿಲ್ಲಿಸುತ್ತಿದ್ದರು. ಆದರೆ ನಡೆಯುವಾಗ ಅವನಿಗಿಂತ ಒಂದೆರಡು ಹೆಜ್ಜೆ ಹಿಂದೆ ಇರಬೇಕೆಂದು ಆರಂಭದಲ್ಲಿ ತಮಗೆ ಹೇಳಲಾಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಸಮಾನ ಸಂಭಾವನೆ ಪಡೆಯಲು ಮೂರು ವರ್ಷ ಹಿಡಿಯಿತು. ಧಾರಾವಾಹಿಯನ್ನು 2016ರಲ್ಲಿ ಮತ್ತೆ ತರಲು ಹೊರಟಾಗ ಮೊದಲು ಮುಂದಿಟ್ಟದ್ದು ಮತ್ತೆ ಡುಕೋವ್ನಿಯ ಅರ್ಧ ಹಣ! ಆಂಡರ್ಸನ್ ಒಪ್ಪಲಿಲ್ಲ, ಸಮಪಾಲು ಪಡೆದೇ ನಟಿಸಿದರು. 2002ರವರೆಗೆ ಬಂದ 202 ಕಂತುಗಳಲ್ಲಿ ಮಹಿಳೆಯರು ನಿರ್ದೇಶಿಸಿದ್ದು ಎರಡೇ ಎರಡು. ಅದರಲ್ಲಿ ಒಂದು, 2000ದಲ್ಲಿ, ಆಂಡರ್ಸನ್ ತಾವೇ ಬರೆದು ನಿರ್ದೇಶಿಸಿದ್ದು. ಈ ಲೆಕ್ಕವನ್ನು ಅವರು 2017ರಲ್ಲಿ ಬಹಿರಂಗವಾಗಿ ಎತ್ತಿದ ಮೇಲೆ, 2018ರ ಸರಣಿಯ ಹತ್ತು ಕಂತುಗಳಲ್ಲಿ ಎರಡನ್ನು ಮಹಿಳೆಯರು ನಿರ್ದೇಶಿಸಿದರು.

ಸ್ಕಲ್ಲಿಯನ್ನು ನೋಡಿ ಹುಡುಗಿಯರು ವಿಜ್ಞಾನಕ್ಕೆ ಬಂದರು ಎಂಬ ಮಾತು ಬಹುಕಾಲದಿಂದ ಓಡಾಡುತ್ತಿತ್ತು. 2018ರಲ್ಲಿ, ತೆರೆಯ ಮೇಲಿನ ಮಹಿಳಾ ಚಿತ್ರಣವನ್ನು ಅಧ್ಯಯನ ಮಾಡುವ ಜೀನಾ ಡೇವಿಸ್ ಸಂಸ್ಥೆ ಅಮೆರಿಕದ 2,000ಕ್ಕೂ ಹೆಚ್ಚು ಮಹಿಳೆಯರನ್ನು ಕೇಳಿ ನೋಡಿತು. ವಿಜ್ಞಾನ, ತಂತ್ರಜ್ಞಾನ ಕ್ಷೇತ್ರಗಳಲ್ಲಿದ್ದು ಸ್ಕಲ್ಲಿಯನ್ನು ಬಲ್ಲವರಲ್ಲಿ ಶೇ 63ರಷ್ಟು ಮಂದಿ ಅವಳು ತಮಗೆ ಮಾದರಿ ಎಂದರು. ಸಮೀಕ್ಷೆಯಲ್ಲಿ ಫಾಕ್ಸ್ ಕಂಪನಿಯೂ ಪಾಲುದಾರ, ಉತ್ತರಗಳೆಲ್ಲ ನೆನಪಿನಿಂದ ಬಂದವು. ಅವಳಿಂದಲೇ ಆ ದಾರಿ ಹಿಡಿದರೆಂದು ಇಷ್ಟರಿಂದ ಸಾಬೀತಾಗುವುದಿಲ್ಲ. ಈ ತಕರಾರನ್ನು ಎತ್ತಲು ನನಗೆ ಕಲಿಸಿದವಳೂ ಸ್ಕಲ್ಲಿಯೇ.